ಹಾಲಿನ ಆಡು ಕಟ್ಟುವ ಮೊದಲು: ಪುಣೆ ಸೀಮೆಯ ಸಣ್ಣ ತೋಟಕ್ಕೆ ತಳಿ, ಹೋತ, ಈಯುವ ಕಾಲ ಮತ್ತು ಮರಿ ಸಾಕಣೆಯ ಹೋಲಿಕೆ

ಪುಣೆಯ ಸುತ್ತ ಒಂದೆರಡು ಎಕರೆ ಜಮೀನು ಮಾಡಿಕೊಂಡು, ಮನೆಮಟ್ಟಿಗೆ ಹಾಲಾಗಲಿ ಎಂದು ನಾಲ್ಕೈದು ಆಡು ಕಟ್ಟಲು ಹೊರಟ ಕನ್ನಡ ಕುಟುಂಬಗಳು ನನಗೆ ಆಗಾಗ ಸಿಗುತ್ತವೆ. ಯಾವ ತಳಿ ಹೆಚ್ಚು ಹಾಲು ಕೊಡುತ್ತದೆ ಎಂಬುದು ಎಲ್ಲರ ಮೊದಲ ಪ್ರಶ್ನೆ. ಅದಕ್ಕೆ ಉತ್ತರಿಸುವ ಮೊದಲು ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಆಡು ಈಯುವ ರಾತ್ರಿ ನಿಮ್ಮ ತೋಟದಲ್ಲಿ ಯಾರಿರುತ್ತಾರೆ? ಮರಿ ಹಾಕದ ಆಡಿಗೆ ಹಾಲಿಲ್ಲ, ಮತ್ತು ಮರಿಯ ಮೊದಲ ವಾರ ಕೆಟ್ಟರೆ ಅನೇಕ ಸಲ ತಾಯಿಯ ಇಡೀ ಸೂಲಿನ, ಅಂದರೆ ಆ ಸಲದ ಹೆರಿಗೆಯ, ಹಾಲೂ ಕೆಡುತ್ತದೆ. ಆದ್ದರಿಂದ ತಳಿ, ಹೋತ, ಕಾಲ, ಸಾಕುವ ಕ್ರಮ ಇವೆಲ್ಲವನ್ನೂ ಹುಟ್ಟಲಿರುವ ಮರಿಯ ಕಡೆಯಿಂದ ನೋಡಿ ಆರಿಸುವುದು ಸರಿ ಎಂದು ನನ್ನ ಅನುಭವ ಹೇಳುತ್ತದೆ.

ನಮ್ಮ ಮನೆ ಧನಕವಡಿಯಲ್ಲಿದೆ, ತೋಟ ಘಾಟ ದಾಟಿ ಸಾಸವಡದ ಹತ್ತಿರವಿದೆ. ಪುರಂದರ ತಾಲೂಕಿನ ಆ ಭಾಗ ಮಳೆ ಕಡಿಮೆಯ, ಅಂಜೂರ ಮತ್ತು ಸೀತಾಫಲದ ಸೀಮೆ. ತೋಟದಲ್ಲಿಯೇ ವಾಸವಾಗಿರುವ ಕಲಬುರಗಿ ಕಡೆಯ ದಂಪತಿ ಆಡುಗಳನ್ನು ನೋಡಿಕೊಳ್ಳುತ್ತಾರೆ. ನಾವು ವಾರಕ್ಕೆ ಮೂರು ದಿನ ಅಲ್ಲಿರುತ್ತೇವೆ. ಮುಳಶಿ, ಮಾವಳದಂಥ ಜಡಿಮಳೆಯ ಜಾಗದಲ್ಲಿ ಅಥವಾ ಗೋವೆಯಲ್ಲಿ ತೋಟವಿರುವವರು ನನ್ನ ಮಾತನ್ನು ತಮ್ಮ ಮಳೆಯ ಲೆಕ್ಕಕ್ಕೆ ಹೊಂದಿಸಿಕೊಳ್ಳಬೇಕು.

ತಳಿಯ ಆಯ್ಕೆ

ನಮ್ಮಲ್ಲಿ ಸುಲಭವಾಗಿ ಸಿಗುವುದು ಉಸ್ಮಾನಾಬಾದಿ. ಅದರ ತವರು 2023ರಲ್ಲಿ ಧಾರಾಶಿವ ಎಂದು ಹೆಸರಾದ ಜಿಲ್ಲೆ ಮತ್ತು ಲಾತೂರು, ಉದಗೀರದ ಸೀಮೆ, ಅಂದರೆ ಬೀದರದ ಮಗ್ಗುಲಿನ ಒಣ ನೆಲ. ಹೆಚ್ಚಿನವು ಕಪ್ಪು ಬಣ್ಣದವು. ಅವಳಿ ಮರಿ ಹಾಕುವುದು ಈ ತಳಿಯಲ್ಲಿ ಸಾಮಾನ್ಯ. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಹಾಲು ಕೊಡುತ್ತವೆ, ಆದರೆ ಒಂದು ಆಡಿಗೂ ಇನ್ನೊಂದಕ್ಕೂ ಇರುವ ಅಂತರ ಬಹಳ ದೊಡ್ಡದು. ಮರಿಗಳು ಎರಡು, ಎರಡೂವರೆ ಕಿಲೊ ತೂಗುತ್ತವೆ, ಸಲೀಸಾಗಿ ಹುಟ್ಟುತ್ತವೆ, ಬೇಗ ಎದ್ದು ನಿಲ್ಲುತ್ತವೆ. ಅಹಿಲ್ಯಾನಗರ, ನಾಸಿಕ, ಪುಣೆ ಜಿಲ್ಲೆಗಳ ಸಂಗಮನೇರಿಯೂ ಬಹುಮಟ್ಟಿಗೆ ಇದೇ ಸ್ವಭಾವದ್ದು. ಬಣ್ಣ ಮಾತ್ರ ಬಿಳಿ, ಕಂದು, ಕಪ್ಪು ಎಂದು ಬೇರೆಬೇರೆಯಾಗಿರುತ್ತದೆ. ಇವೆರಡರ ನಡುವೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಯಾವುದರ ಕೆಚ್ಚಲು ಮೆತ್ತಗಿದ್ದು, ಕರೆದ ಮೇಲೆ ಚೆನ್ನಾಗಿ ಇಳಿದು ಜೋಲುತ್ತದೆಯೋ ಅದನ್ನು ಕೊಳ್ಳಿ.

ಗುಜರಾತಿನ ಸೂರತಿ ತಳಿಯನ್ನು ನಮ್ಮವರು ಅಷ್ಟಾಗಿ ಗಮನಿಸುವುದಿಲ್ಲ, ಅದು ನನಗೆ ಬೇಸರದ ಸಂಗತಿ. ಸಣ್ಣ ಮೈಯ, ಬಿಳಿಯ, ಸಾಧು ಸ್ವಭಾವದ ಈ ಆಡು ಬಹಳ ದೂರ ನಡೆದು ಮೇಯಲಾರದು. ಆದರೆ ಕಟ್ಟಿ ಮೇಯಿಸುವ ಸಣ್ಣ ತೋಟಕ್ಕೆ ಆ ಕೊರತೆ ಲೆಕ್ಕಕ್ಕೆ ಬರುವುದಿಲ್ಲ. ಹೊಟ್ಟೆ ತುಂಬ ಕುದುರೆ ಮಸಾಲೆ ಸೊಪ್ಪು, ಸುಬಾಬುಲ್ ಮತ್ತು ಸ್ವಲ್ಪ ಹಿಂಡಿ ಕೊಟ್ಟರೆ, ಒಳ್ಳೆಯ ಸೂರತಿ ಆಡು ಒಂದೂವರೆ ಲೀಟರಿನ ಮೇಲೆ ಕೊಡುತ್ತದೆ. ಮನೆಯ ಹೆಂಗಸರು, ಮಕ್ಕಳು ಹೆದರದೆ ಕರೆಯಬಹುದು.

ಪಂಜಾಬಿನ ಬೀಟಲ್ ಮತ್ತು ಇಟಾವಾ, ಚಂಬಲ್ ಸೀಮೆಯ ಜಮುನಾಪಾರಿ ನೋಡಲು ಭವ್ಯವಾದ ಪ್ರಾಣಿಗಳು, ಹಾಲಿನಲ್ಲಿಯೂ ನಮ್ಮ ಸ್ಥಳೀಯ ತಳಿಗಳಿಗಿಂತ ಮುಂದು. ಆದರೆ ಅಷ್ಟು ದೊಡ್ಡ ಮೈಗೆ ವರ್ಷವಿಡೀ ಸೊಪ್ಪು ಒದಗಿಸಬೇಕು. ಎಪ್ರಿಲ್, ಮೇ ತಿಂಗಳಲ್ಲಿ ಸಾಸವಡದ ಕಡೆ ಅದು ಎಲ್ಲಿಂದ ಬರುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಯೋಚಿಸಬೇಕು. ಸ್ವಿಟ್ಜರ್ಲೆಂಡಿನ ಸಾನೆನ್ ಶುದ್ಧ ತಳಿ ನಮ್ಮ ಬಿಸಿಲಿಗೆ ಬಳಲುತ್ತದೆ. ಬಿಳಿ ಕೂದಲಿನ ಕೆಳಗಿನ ತೆಳು ಚರ್ಮ ಸುಡುತ್ತದೆ, ಮೇವು ಕಡಿಮೆಯಾದೊಡನೆ ಮೈ ಇಳಿಯುತ್ತದೆ. ಸಾನೆನ್ ಹೋತಕ್ಕೂ ಸ್ಥಳೀಯ ಆಡಿಗೂ ಹುಟ್ಟಿದ ಮೊದಲ ತಲೆಮಾರಿನ ಮಿಶ್ರ ತಳಿ ಮಾತ್ರ ಒಳ್ಳೆಯ ನಡುದಾರಿ. ಇನ್ನು ಕೊಂಕಣ ಕನ್ಯಾಳ ಸಿಂಧುದುರ್ಗದ ಮಳೆಯನ್ನು ತಡೆಯುವ ತಳಿ. ಮುಖ್ಯವಾಗಿ ಮಾಂಸಕ್ಕೆ ಸಾಕುವಂಥದ್ದು, ಹಾಲು ಅದರ ಮರಿಗಳಿಗೆ ಸಾಕಾಗುವಷ್ಟು. ಗೋವೆ, ಕೊಂಕಣದವರು ಹಾಲಿನ ಆಸೆಗಾಗಿ ಒಣ ಸೀಮೆಯ ಆಡನ್ನು ಒಯ್ದು ಗೊರಸು ಕೊಳೆಯಿಸುವುದಕ್ಕಿಂತ, ಇದರಲ್ಲಿಯೇ ಹಾಲುಳ್ಳ ತಾಯಂದಿರನ್ನು ಹುಡುಕಿ ಆರಿಸುವುದು ಮೇಲು.

ಮೊದಲ ಬಾರಿ ಆಡು ಕಟ್ಟುವವರಿಗೆ ನನ್ನ ಸಲಹೆ ಎರಡನೆಯ ಅಥವಾ ಮೂರನೆಯ ಸೂಲಿನ ಉಸ್ಮಾನಾಬಾದಿ, ಇಲ್ಲವೇ ಸೂರತಿ. ಸಾನೆನ್ ಮಿಶ್ರ ತಳಿಯನ್ನು ನಾಲ್ಕಾರು ಈತಗಳನ್ನು ಕಣ್ಣಾರೆ ನೋಡಿದ ಮೇಲೆ ತನ್ನಿ. ಇನ್ನೊಂದು ಮಾತು: ಡೆಂಗಿ ಜ್ವರ ಹಬ್ಬಿದ ತಿಂಗಳುಗಳಲ್ಲಿ ಊರಲ್ಲಿ ಆಡಿನ ಹಾಲಿಗೆ ಬೇಡಿಕೆ ಏಕಾಏಕಿ ಏರುತ್ತದೆ. ಆ ಬೇಡಿಕೆಯನ್ನು ನಂಬಿ ದೊಡ್ಡ ಹಾಲಿನ ತಳಿ ತರಬೇಡಿ. ಅದು ಎರಡು ತಿಂಗಳ ಮಾತು, ಆಡು ಮಾತ್ರ ಹತ್ತು ವರ್ಷ ನಿಮ್ಮ ಜೊತೆಗಿರುತ್ತದೆ.

ಎಲ್ಲಿ ಕೊಳ್ಳುವುದು, ಯಾವುದನ್ನು ಕೊಳ್ಳುವುದು

ಚಾಕಣದ ವಾರದ ಸಂತೆಯಲ್ಲಿ ಆಯ್ಕೆ ಹೆಚ್ಚು, ಬೆಲೆ ಚೌಕಾಶಿಗೆ ಸಿಗುತ್ತದೆ. ಆದರೆ ಹತ್ತೂರಿನ ಆಡುಗಳು ಮೈ ತಾಗಿಸಿ ನಿಂತ ಜಾಗವದು, ಹಿರೇಬೇನೆ ಎಂದು ನಾವು ಕರೆಯುವ ಪಿಪಿಆರ್ ಎಂಬ ಅಂಟುರೋಗ ಹಬ್ಬುವುದಕ್ಕೆ ಅಂಥ ಜಾಗವೇ ಬೇಕು. ಬೆಳಗಿನಿಂದ ಕರೆಯದೆ ಬಿಗಿದ ಕೆಚ್ಚಲನ್ನು ತೋರಿಸಿ ಮಾರುವವರೂ ಅಲ್ಲಿರುತ್ತಾರೆ. ತೋಟದಿಂದಲೇ ಕೊಳ್ಳುವುದಾದರೆ ಸಂಜೆ ಒಮ್ಮೆ, ಮರುದಿನ ಬೆಳಗ್ಗೆ ಒಮ್ಮೆ ನೀವೇ ಕರೆದು ನೋಡಬಹುದು, ತಾಯಿ ಮತ್ತು ಅಕ್ಕತಂಗಿಯರನ್ನೂ ಕಾಣಬಹುದು. ಸ್ವಲ್ಪ ಹೆಚ್ಚು ಹಣ ಹೋದರೂ ನಾನು ತೋಟದಿಂದಲೇ ತರುತ್ತೇನೆ. ಎಲ್ಲಿಂದ ತಂದರೂ ಮೂರು ವಾರ ಬೇರೆಯಾಗಿ ಕಟ್ಟಬೇಕು, ಬ್ರುಸೆಲ್ಲಾ ರೋಗಕ್ಕೆ ರಕ್ತಪರೀಕ್ಷೆ ಮಾಡಿಸಬೇಕು. ಗಬ್ಬ ಇಳಿಯುವಂತೆ ಮಾಡುವ ಈ ರೋಗ ಹಾಲಿನಿಂದಲೂ, ಈದ ಮೇಲೆ ಬೀಳುವ ಮಾಸು ಮುಟ್ಟಿದ ಕೈಯಿಂದಲೂ ಮನುಷ್ಯರಿಗೆ ಬರುತ್ತದೆ. ಆಡಿನ ಹಾಲನ್ನು ಕಾಯಿಸದೆ ಯಾರಿಗೂ ಕೊಡಬಾರದು.

ಗಬ್ಬದ ಆಡು ಕೊಂಡರೆ ಮರಿಯೂ ಹಾಲೂ ಬೇಗ ಕೈಗೆ ಬರುತ್ತವೆ ಎಂಬುದು ನಿಜ. ಆದರೆ ಗಬ್ಬ ಕಟ್ಟಿಸಿದ ಹೋತ ಎಂಥದ್ದು ಎಂಬುದು ನಿಮಗೆ ತಿಳಿದಿರುವುದಿಲ್ಲ. ಅದರ ಮಹತ್ವ ನನಗೆ ನಮ್ಮ ಮೊದಲ ವರ್ಷವೇ ತಿಳಿಯಿತು.

ಹೋತ: ಸ್ವಂತದ್ದೋ, ನೆರೆಯವರದ್ದೋ, ಕೃತಕ ಗರ್ಭಧಾರಣೆಯೋ

ಆ ವರ್ಷ ನಮ್ಮಲ್ಲಿ ಎಂಟು ತಿಂಗಳ ಒಂದು ಚೊಚ್ಚಲ ಉಸ್ಮಾನಾಬಾದಿ ಇತ್ತು. ಅದು ಬೆದೆಗೆ ಬಂದದ್ದೇ ತಡ, ಹತ್ತಿರದ ತೋಟದ ದೊಡ್ಡ ಬೀಟಲ್ ಹೋತಕ್ಕೆ ಕೂಡಿಸಿದೆವು. ದೊಡ್ಡ ಹೋತ, ದೊಡ್ಡ ಮರಿ ಎಂದಷ್ಟೇ ಯೋಚಿಸಿದ್ದೆವು. ಜುಲೈ ತಿಂಗಳ ಒಂದು ಮಳೆಯ ರಾತ್ರಿ ಅದು ಎರಡು ಗಂಟೆ ತಿಣುಕಿತು. ವೈದ್ಯರು ಬಂದು ಮರಿಯನ್ನು ಎಳೆದಾಗ ಅದರ ನಾಲಿಗೆ ಊದಿ ನೀಲಿಯಾಗಿತ್ತು. ತಾಯಿ ಉಳಿಯಿತು, ಆದರೆ ಆ ಸೂಲಿನಲ್ಲಿ ಕಾಲು ಲೀಟರಿಗಿಂತ ಹೆಚ್ಚು ಹಾಲು ಕೊಡಲಿಲ್ಲ. ತಪ್ಪು ನಮ್ಮದೇ. ಬೆದೆಗೆ ಬಂದ ಮಾತ್ರಕ್ಕೆ ಆಡು ತಾಯಿಯಾಗಲು ಸಿದ್ಧವಾಗಿರುವುದಿಲ್ಲ. ಬೆಳೆದ ಆಡಿನ ತೂಕದ ಶೇಕಡಾ 65ರಿಂದ 70ರಷ್ಟನ್ನು ಮುಟ್ಟುವವರೆಗೆ, ನಮ್ಮ ತಳಿಗಳಲ್ಲಿ ಸುಮಾರು 10ರಿಂದ 12 ತಿಂಗಳವರೆಗೆ, ಕಾಯಬೇಕು. ಚೊಚ್ಚಲಿಗೆ ಅದರದೇ ತಳಿಯ ಅಥವಾ ಅದಕ್ಕಿಂತ ಸಣ್ಣ ತಳಿಯ ಹೋತವೇ ಸರಿ. ದೊಡ್ಡ ತಳಿಯ ಹೋತವನ್ನು ಎರಡನೆಯ ಸೂಲಿನಿಂದ ಯೋಚಿಸಬಹುದು.

ಸ್ವಂತ ಹೋತದ ದೊಡ್ಡ ಅನುಕೂಲವೆಂದರೆ ಬೆದೆ ತಪ್ಪುವುದಿಲ್ಲ. ಆಡಿನ ಬೆದೆ 18ರಿಂದ 21 ದಿನಕ್ಕೊಮ್ಮೆ ಬಂದು ಒಂದು, ಒಂದೂವರೆ ದಿನವಷ್ಟೇ ಇರುತ್ತದೆ. ಬಾಲ ಬಡಿಯುವುದು, ಸುಮ್ಮಸುಮ್ಮನೆ ಕೂಗುವುದು, ಮೇವು ಬಿಡುವುದು ಇವನ್ನು ವಾರಕ್ಕೆ ಮೂರು ದಿನ ಬರುವವರು ಗುರುತಿಸುವುದು ಕಷ್ಟ. ಆದರೆ ಒಂದು ಹೋತ 20ರಿಂದ 30 ಆಡುಗಳಿಗೆ ಸಾಕಾಗುವಂಥದ್ದು. ನಾಲ್ಕು ಆಡಿಗಾಗಿ ವರ್ಷವಿಡೀ ಅದಕ್ಕೆ ಮೇವು ಹಾಕಬೇಕು, ಅದರ ವಾಸನೆ ಹಾಲಿಗೆ ಹತ್ತದಂತೆ ಕರೆಯುವ ಜಾಗದಿಂದ ದೂರ ಕಟ್ಟಬೇಕು, ಅದರದೇ ಹೆಣ್ಣುಮರಿಗಳು ಬೆದೆಗೆ ಬರುವ ಮೊದಲು, ಅಂದರೆ ಎರಡು ವರ್ಷದೊಳಗೆ, ಅದನ್ನು ಬದಲಿಸಬೇಕು.

ಉರುಳಿಕಾಂಚನದಲ್ಲಿ 1967ರಲ್ಲಿ ಮಣಿಭಾಯಿ ದೇಸಾಯಿಯವರು ಆರಂಭಿಸಿದ ಬೈಫ್ ಸಂಸ್ಥೆಯಿಂದಾಗಿ ಹಸುಗಳ ಕೃತಕ ಗರ್ಭಧಾರಣೆ ರೈತರ ಮನೆಬಾಗಿಲಿಗೆ ಬಂದದ್ದನ್ನು ಈ ಸೀಮೆ ಚೆನ್ನಾಗಿ ಬಲ್ಲದು. ಆಡಿನಲ್ಲಿ ಅದು ಅಷ್ಟು ಸುಲಭವಲ್ಲ. ಆಡಿನ ಗರ್ಭಕೋಶದ ಬಾಯಿ ಇಕ್ಕಟ್ಟು. ಆಡಿನಲ್ಲಿ ಪಳಗಿದ ಕೈ ಬೇಕು, ಬೆದೆ ಶುರುವಾದ ಗಂಟೆ ಸರಿಯಾಗಿ ತಿಳಿದಿರಬೇಕು. ಹೋತಕ್ಕೆ ಬಿಟ್ಟಷ್ಟು ಗಬ್ಬ ನಿಲ್ಲುವುದಿಲ್ಲ. ಒಳ್ಳೆಯ ಹಾಲಿನ ವಂಶವನ್ನು ತೋಟಕ್ಕೆ ತರಲು, ರೋಗ ಒಳಬರದಂತೆ ನೋಡಿಕೊಳ್ಳಲು ಇದಕ್ಕಿಂತ ಉತ್ತಮ ದಾರಿಯಿಲ್ಲ ಎಂಬುದೂ ಅಷ್ಟೇ ನಿಜ. ನಾವು ಈಗ ಮಾಡಿಕೊಂಡಿರುವ ವ್ಯವಸ್ಥೆ ಬೇರೆ: ಮೂರು ತೋಟದವರು ಸೇರಿ ಒಂದು ಹೋತ ಇಟ್ಟಿದ್ದೇವೆ. ಅದು ಪಾಳಿಯ ಮೇಲೆ ಒಂದೊಂದು ತೋಟದಲ್ಲಿ ಎರಡು ಬೆದೆಯ ಅವಧಿ, ಅಂದರೆ ಸುಮಾರು 42 ದಿನ, ಇರುತ್ತದೆ. ಮೂರೂ ತೋಟಗಳ ಆಡುಗಳಿಗೆ ಬ್ರುಸೆಲ್ಲಾ ಪರೀಕ್ಷೆ ಆಗಿರಲೇಬೇಕು ಎಂಬ ಒಂದು ಕರಾರಿನ ಮೇಲೆ ಇದು ನಡೆಯುತ್ತಿದೆ.

ಹೋತ ಆರಿಸುವಾಗ ಅನೇಕರಿಗೆ ತಿಳಿಯದ ಒಂದು ಸೂಕ್ಷ್ಮವಿದೆ. ಬೋಳು ತಲೆಯ, ಅಂದರೆ ಹುಟ್ಟಿನಿಂದಲೇ ಕೊಂಬಿಲ್ಲದ ಆಡು ಹಾಯುವುದಿಲ್ಲವೆಂದು ಎಲ್ಲರಿಗೂ ಪ್ರೀತಿ. ಆದರೆ ಬೋಳು ಹೋತವನ್ನು ಬೋಳು ಆಡಿಗೆ ಕೂಡಿಸಿದರೆ, ಹುಟ್ಟುವ ಹೆಣ್ಣುಮರಿಗಳಲ್ಲಿ ಕೆಲವು ಗಂಡೂ ಅಲ್ಲದ ಹೆಣ್ಣೂ ಅಲ್ಲದ ಬಂಜೆ ಮರಿಗಳಾಗುತ್ತವೆ. ಕೊಂಬಿಲ್ಲದ ಗುಣವೂ ಈ ದೋಷವೂ ಒಂದೇ ಜೀನಿಗೆ ಅಂಟಿಕೊಂಡಿವೆ. ಬೋಳು ಆಡುಗಳಿದ್ದರೆ ಕೊಂಬಿನ ಹೋತವನ್ನೇ ತನ್ನಿ.

ಯಾವ ತಿಂಗಳಲ್ಲಿ ಈಯಬೇಕು

ಆಡಿನ ಗಬ್ಬ ಸುಮಾರು 150 ದಿನ. ನಮ್ಮ ತಳಿಗಳು ವರ್ಷದ ಬಹುಪಾಲು ಬೆದೆಗೆ ಬರುವುದರಿಂದ ಈಯುವ ತಿಂಗಳನ್ನು ಆರಿಸುವ ಅವಕಾಶ ನಮ್ಮ ಕೈಯಲ್ಲಿದೆ, ಆದರೆ ಹೆಚ್ಚಿನವರು ಅದನ್ನು ಬಳಸಿಕೊಳ್ಳುವುದೇ ಇಲ್ಲ. ನನ್ನ ದೃಷ್ಟಿಯಲ್ಲಿ ಇದು ತಳಿಗಿಂತಲೂ ದೊಡ್ಡ ಆಯ್ಕೆ.

ಫೆಬ್ರವರಿಯಲ್ಲಿ ಕೂಡಿಸಿದರೆ ಜುಲೈಯಲ್ಲಿ ಈಯುತ್ತದೆ. ಹಸಿರು ಮೇವು ಹೇರಳವಾಗಿರುವ ತಿಂಗಳದು, ತಾಯಿಗೆ ಹಾಲು ಉಕ್ಕುತ್ತದೆ. ಆದರೆ ಒದ್ದೆ ನೆಲ, ತಣ್ಣನೆಯ ಗಾಳಿ, ಜಂತುಹುಳು, ರಕ್ತಭೇದಿ ಎಲ್ಲವೂ ಎಳೆಮರಿಯ ಮೇಲೆ ಒಟ್ಟಿಗೆ ಎರಗುತ್ತವೆ. ನೆಲದಿಂದ ಎತ್ತರಿಸಿದ ಹಲಗೆಯ ಅಟ್ಟ, ಎರಚಲು ಬೀಳದ ಗೋಡೆ ಇಲ್ಲದವರು ಮಳೆಗಾಲದಲ್ಲಿ ಮರಿ ಹಾಕಿಸಬಾರದು. ಮುಳಶಿಯಂಥ ಜಾಗದಲ್ಲಿ ಅವು ಇದ್ದರೂ ಬೇಡ.

ಅಕ್ಟೋಬರದಲ್ಲಿ ಕೂಡಿಸಿದರೆ ಮಾರ್ಚಿನಲ್ಲಿ ಮರಿ. ಒಣ ಹವೆ, ಮರಿಗೆ ಶೀತದ ಭಯವಿಲ್ಲ. ಈಯುವ ರಾತ್ರಿ ಯಾರೂ ಇಲ್ಲದಿದ್ದರೂ ಮರಿ ಬದುಕುವ ಸಾಧ್ಯತೆ ಈ ಕಾಲದಲ್ಲಿಯೇ ಹೆಚ್ಚು. ಆದರೆ ಹಾಲು ಏರಬೇಕಾದ ಎಪ್ರಿಲ್, ಮೇ ತಿಂಗಳಲ್ಲಿ ಸೊಪ್ಪು ಬತ್ತಿರುತ್ತದೆ. ನೀರಾವರಿಯಲ್ಲಿ ಹತ್ತು ಗುಂಟೆ ಕುದುರೆ ಮಸಾಲೆಯೋ, ಬೇಲಿಗೆ ಸುಬಾಬುಲ್ ಮತ್ತು ಶೇವರಿ ಎಂಬ ಮೇವಿನ ಗಿಡಗಳೋ ಇದ್ದವರಿಗೆ ಮಾತ್ರ ಇದು ಹಾಲಿನ ಕಾಲ.

ಜೂನಿನಲ್ಲಿ ಕೂಡಿಸಿದರೆ ನವೆಂಬರಿನಲ್ಲಿ ಮರಿ. ನಾನು ಒಪ್ಪುವುದು ಇದನ್ನೇ. ಮಳೆ ಮುಗಿದು ನೆಲ ಒಣಗಿರುತ್ತದೆ, ಬೇಲಿಯ ತುಂಬ ಸೊಪ್ಪಿರುತ್ತದೆ, ಮುಂದಿನ ಮಳೆಗಾಲ ಬರುವಷ್ಟರಲ್ಲಿ ಮರಿಗೆ ಏಳು ತಿಂಗಳು ತುಂಬಿ ಗಟ್ಟಿಯಾಗಿರುತ್ತದೆ. ಇದಕ್ಕೆ ಎರಡು ಬೆಲೆ ತೆರಬೇಕು. ಬೇಸಿಗೆಯಲ್ಲಿ ಸೊರಗಿದ ಆಡು ಜೂನಿನಲ್ಲಿ ಗಬ್ಬ ಕಟ್ಟಬೇಕಾದರೆ, ಕೂಡಿಸುವ ಎರಡು ಮೂರು ವಾರ ಮೊದಲಿನಿಂದ ದಿನಕ್ಕೆ 200ರಿಂದ 300 ಗ್ರಾಂ ಮೆಕ್ಕೆಜೋಳ ಅಥವಾ ಜೋಳದ ನುಚ್ಚನ್ನು ಹೆಚ್ಚಾಗಿ ಹಾಕಬೇಕು. ಡಿಸೆಂಬರಿನ ಚಳಿಗೆ ಮರಿಗಳ ಗೂಡಿನಲ್ಲಿ ದಪ್ಪ ಹುಲ್ಲಿನ ಹಾಸಿಗೆ ಮತ್ತು ಗೋಣಿಯ ಪರದೆ ಬೇಕು. ಜುನ್ನರ, ಶಿರೂರದ ಕಬ್ಬಿನ ಸೀಮೆಯವರು ಇದರ ಜೊತೆಗೆ ಚಿರತೆಯನ್ನೂ ನೆನಪಿಡಬೇಕು. ಅಲ್ಲಿ ಗೂಡಿನ ಸುತ್ತ ಜಾಲರಿ ಹಾಕಿದರೆ ಸಾಲದು, ಮೇಲೂ ಮುಚ್ಚಿರಬೇಕು.

ಈಯುವ ರಾತ್ರಿ

ಯಾವ ಆಯ್ಕೆ ಮಾಡಿದರೂ ಕೊನೆಯ ಎರಡು ತಿಂಗಳು ಹಾಲು ಬತ್ತಿಸಬೇಕು. ಈಯುವ ನಾಲ್ಕೈದು ವಾರ ಮೊದಲು ಕರುಳು ಬೇನೆಯ ಲಸಿಕೆ ಹಾಕಿಸಿದರೆ ಅದರ ರಕ್ಷಣೆ ಗಿಣ್ಣಿನ ಮೂಲಕ ಮರಿಗೂ ಹೋಗುತ್ತದೆ. ಅವಳಿ ಹೊತ್ತ ಆಡಿಗೆ ಹೊಟ್ಟೆಯಲ್ಲಿ ಮೇವಿಗೆ ಜಾಗ ಕಡಿಮೆ, ಆದ್ದರಿಂದ ಕಾಳನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋಗಬೇಕು. ಅದು ಮೇವು ಬಿಟ್ಟು ಮಂಕಾಗಿ ನಿಂತರೆ ಒಂದು ದಿನವೂ ಕಾಯದೆ ವೈದ್ಯರನ್ನು ಕರೆಯಿರಿ.

ಬಾಲದ ಬುಡದ ಎರಡೂ ಬದಿ ಕುಳಿ ಬಿದ್ದು ಅಲ್ಲಿನ ನರ ಬೆರಳಿಗೆ ಸಿಗದಂತಾದರೆ, ಕೆಚ್ಚಲು ಬಿಗಿದು ಹೊಳೆದರೆ, ಈತ ಒಂದು ದಿನದ ಮಾತು. ನಮ್ಮ ತೋಟದ ಅಕ್ಕ ಅಂಥ ಸಂಜೆ ಆಡಿನ ಬೆನ್ನ ಮೇಲೆ ಕೈಯಾಡಿಸಿ, ಇವತ್ತೇ ಎಂದು ಹೇಳಿದರೆ ತಪ್ಪಿದ್ದು ಕಡಿಮೆ. ಆಡು ಕಾಲಿನಿಂದ ನೆಲ ಕೆರೆಯುತ್ತದೆ, ಮಲಗಿ ಏಳುತ್ತದೆ, ಹಿಂದಕ್ಕೆ ತಿರುಗಿ ತನ್ನ ಬಗಲನ್ನೇ ನೋಡಿ ಗಂಟಲಲ್ಲಿ ಸಣ್ಣಗೆ ಮಾತಾಡುತ್ತದೆ. ಆ ದನಿಯನ್ನು ಅದು ಬೇರೆ ಯಾವಾಗಲೂ ಆಡುವುದಿಲ್ಲ. ನೀರುಗುಳ್ಳೆಯ ಹಿಂದೆ ಎರಡು ಮುಂಗಾಲು, ಅವುಗಳ ಮೇಲೆ ಮೂಗು ಕಾಣಿಸಿದರೆ ಎಲ್ಲವೂ ಸರಿಯಿದೆ. ಗೊರಸಿನ ತುದಿಗೆ, ತಾಯಿಯ ಒಳಗೆ ಗೀರದಂತೆ, ಬೆಣ್ಣೆಬಣ್ಣದ ಮೆತ್ತನೆಯ ಹೊದಿಕೆ ಇರುತ್ತದೆ. ಮರಿ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಅದು ಉದುರಲು ಶುರುವಾಗುತ್ತದೆ. ಒಂದೇ ಕಾಲು ಬಂದರೆ, ಬಾಲ ಬಂದರೆ, ಅಥವಾ ಜೋರಾಗಿ ತಿಣುಕಿ ಅರ್ಧ ಗಂಟೆಯಾದರೂ ಏನೂ ಮುಂದುವರಿಯದಿದ್ದರೆ, ಎಳೆಯುವ ಸಾಹಸ ಮಾಡದೆ ವೈದ್ಯರಿಗೆ ಫೋನು ಮಾಡಬೇಕು.

ಮರಿ ಹೊರಬಿದ್ದೊಡನೆ ಮೂಗು, ಬಾಯಿಯ ಲೋಳೆ ಒರೆಸಿ ತಾಯಿಯ ಮುಂದಿಡಿ, ಅದು ನೆಕ್ಕಲಿ. ಉಸಿರು ತಡವಾದರೆ ಹುಲ್ಲಿನ ಕಡ್ಡಿಯಿಂದ ಮೂಗಿನ ಹೊಳ್ಳೆ ಕೆರಳಿಸಿದರೆ ಸೀನುತ್ತದೆ. ಹೊಕ್ಕುಳ ಬಳ್ಳಿಯನ್ನು ಟಿಂಚರ್ ಅಯೋಡಿನ್ನಿನಲ್ಲಿ ಅದ್ದಿ. ಮೊಲೆತೊಟ್ಟಿನ ತುದಿಯಲ್ಲಿ ಮೇಣದಂಥ ಬಿರಡೆ ಇರುತ್ತದೆ, ಎರಡು ಧಾರೆ ಹಿಂಡಿ ಅದನ್ನು ತೆಗೆಯದಿದ್ದರೆ ಮರಿ ಚೀಪುತ್ತಲೇ ಇದ್ದರೂ ಹೊಟ್ಟೆಗೆ ಏನೂ ಇಳಿಯುವುದಿಲ್ಲ. ಒಂದೆರಡು ಗಂಟೆಯೊಳಗೆ ಮೊದಲ ಗಿಣ್ಣು, ಒಂದು ದಿನದೊಳಗೆ ಮರಿಯ ತೂಕದ ಹತ್ತನೆಯ ಒಂದು ಪಾಲು ಗಿಣ್ಣು ಹೊಟ್ಟೆ ಸೇರಬೇಕು. ಎರಡು ಕಿಲೊ ಮರಿಗೆ 200 ಮಿಲಿಲೀಟರು. ಪುಣೆಯಲ್ಲಿ ಖರ್ವಸದ, ಅಂದರೆ ಗಿಣ್ಣಿನ ಸಿಹಿತಿಂಡಿಯ, ಆಸೆ ಎಲ್ಲರಿಗೂ ಇದೆ, ಆದರೆ ಮರಿ ಕುಡಿದು ಉಳಿದ ಮೇಲಷ್ಟೇ ಅದರ ಮಾತು. ಉಳಿದ ಗಿಣ್ಣನ್ನು ಸಣ್ಣ ಡಬ್ಬಿಗಳಲ್ಲಿ ಫ್ರೀಜರಿನಲ್ಲಿ ಇಟ್ಟುಕೊಂಡರೆ ಇನ್ನೊಂದು ಆಡಿನ ಮೂರನೆಯ ಮರಿಗೆ ಅದೇ ಜೀವ. ಅದನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಬೇಕು, ಒಲೆಯ ಮೇಲೆ ಕಾಯಿಸಬಾರದು. ಮರಿಯ ಬಾಯಲ್ಲಿ ಬೆರಳಿಟ್ಟಾಗ ತಣ್ಣಗಿದ್ದರೆ ಮೊದಲು ಮೈ ಬೆಚ್ಚಗೆ ಮಾಡಿ, ಆಮೇಲೆ ಕುಡಿಸಿ. ತಣ್ಣಗಾದ ಮರಿಯ ಹೊಟ್ಟೆ ಹಾಲನ್ನು ಅರಗಿಸದು. ಮಾಸು ಕೆಲವು ಗಂಟೆಗಳಲ್ಲಿ ಬೀಳುತ್ತದೆ. ಹನ್ನೆರಡು ಗಂಟೆಯಾದರೂ ಬೀಳದಿದ್ದರೆ ಕೈಯಿಂದ ಎಳೆಯದೆ ವೈದ್ಯರನ್ನು ಕರೆಯಬೇಕು.

ತಾಯಿಯೊಡನೆಯೋ, ಬಾಟಲಿಯೋ

ಮರಿಯನ್ನು ಪೂರ್ತಿ ತಾಯಿಯೊಡನೆ ಬಿಟ್ಟರೆ ಮರಿ ಚೆನ್ನಾಗಿ ಬೆಳೆಯುತ್ತದೆ, ನಿಮಗೆ ಹಾಲು ಸಿಗುವುದು ಕಡಿಮೆ. ಬಾಟಲಿಯಲ್ಲಿ ಸಾಕಿದರೆ ಹಾಲು ಅಳತೆಗೆ ಸಿಗುತ್ತದೆ, ಮರಿ ಮನುಷ್ಯರಿಗೆ ಒಗ್ಗುತ್ತದೆ. ಆದರೆ ಮೊದಲ ವಾರ ದಿನಕ್ಕೆ ನಾಲ್ಕೈದು ಸಲ ಮೈಬಿಸಿಯಷ್ಟು ಬೆಚ್ಚಗಿನ ಹಾಲು, ಪ್ರತಿ ಸಲ ಕುದಿನೀರಲ್ಲಿ ತೊಳೆದ ಬಾಟಲಿ ಬೇಕು. ಒಂದು ಸಲ ತಪ್ಪಿದರೂ ಭೇದಿ ಶುರುವಾಗುತ್ತದೆ. ದಿನವಿಡೀ ತೋಟದಲ್ಲಿಯೇ ಇರುವವರಿಗೆ ಮಾತ್ರ ಇದು ಸಾಧ್ಯ. ನಮ್ಮಂಥವರಿಗೆ ನಡುವಿನ ದಾರಿಯೇ ಸರಿ. ಮೊದಲ ಎರಡು ಮೂರು ವಾರ ಮರಿ ತಾಯಿಯೊಡನೆ ಇರುತ್ತದೆ. ಅನಂತರ ರಾತ್ರಿ ಮರಿಗಳನ್ನು ಪಕ್ಕದ ಗೂಡಿನಲ್ಲಿ, ತಾಯಿಗೆ ಕಾಣುವಂತೆ, ಕೂಡುತ್ತೇವೆ. ಬೆಳಗ್ಗೆ ಒಮ್ಮೆ ಕರೆದು ಮರಿಗಳನ್ನು ಬಿಟ್ಟರೆ ಸಂಜೆಯವರೆಗೆ ಉಳಿದ ಹಾಲು ಅವುಗಳದೇ. ಸುಮಾರು ಅರ್ಧದಷ್ಟು ಹಾಲು ಮನೆಗೆ ಬರುತ್ತದೆ. ಒಂದು ದಿನ ನಾವು ಬರಲಾಗದಿದ್ದರೆ ರಾತ್ರಿ ಮರಿಗಳನ್ನು ಕೂಡದೆ ಬಿಟ್ಟರಾಯಿತು, ಕೆಚ್ಚಲೂ ಬಾಯುವುದಿಲ್ಲ. ಮೂರು ತಿಂಗಳಿಗೆ ಹಾಲು ಬಿಡಿಸಿ, ಆ ಹೊತ್ತಿಗೆ ಕರುಳು ಬೇನೆ ಮತ್ತು ಪಿಪಿಆರ್ ಲಸಿಕೆ ಹಾಕಿಸುತ್ತೇವೆ.

ಮುಂದಿನ ಗಬ್ಬಕ್ಕೆ ಎಂದು ಬಿಡುವುದು ಎಂಬ ಆಯ್ಕೆ ಆಗ ಎದುರಾಗುತ್ತದೆ. ಮಾಂಸಕ್ಕೆ ಸಾಕುವವರು ಎರಡು ವರ್ಷಕ್ಕೆ ಮೂರು ಈತದ ಲೆಕ್ಕ ಹಾಕುತ್ತಾರೆ, ಉಸ್ಮಾನಾಬಾದಿ ಆಡು ಅದಕ್ಕೆ ಒದಗುತ್ತದೆ ಕೂಡ. ಹಾಲಿಗಾಗಿ ಸಾಕುವ ನಾವು ವರ್ಷಕ್ಕೊಂದೇ ಈತಕ್ಕೆ ನಿಂತಿದ್ದೇವೆ. ನವೆಂಬರಿನಲ್ಲಿ ಈದ ಆಡು ಮುಂದಿನ ಜೂನಿನವರೆಗೆ ಹೋತದ ಹತ್ತಿರ ಹೋಗುವುದಿಲ್ಲ. ಮೊದಲ ವರ್ಷ ಮರಿ ಕಳೆದುಕೊಂಡ ಆ ಚೊಚ್ಚಲ ಆಡು ಈಗ ಐದನೆಯ ಸೂಲಿನಲ್ಲಿದೆ. ಕಳೆದ ನವೆಂಬರಿನಲ್ಲಿ ಅದು ಹಾಕಿದ ಎರಡು ಹೆಣ್ಣುಮರಿಗಳನ್ನು ನಾವು ಮಾರದೆ ಇಟ್ಟುಕೊಂಡಿದ್ದೇವೆ.